ಎಡಗಡೆ ಸವೆದ ಚಕ್ರಗಳು

ಬೀದಿಯವರು ಅವಳನ್ನು ಬೋರ್ಡಕ್ಕ ಎನ್ನುತ್ತಿದ್ದರು. ಹೆಸರು ಕೇಳಿ, ಅಂಗಡಿಗಳ ನಾಮಫಲಕ ಬರೆದುಕೊಡುವವಳಿರಬೇಕು ಎಂದುಕೊಂಡು ಬಂದವರು, ಗೋಡೆ ತುಂಬ ಸಾಲಾಗಿ ತೂಗುಹಾಕಿದ ಸ್ಕೇಟ್‌ಬೋರ್ಡಿನ ಹಲಗೆಗಳನ್ನು ಕಂಡು ಪೆಚ್ಚಾಗಿ ಹಿಂದಿರುಗುತ್ತಿದ್ದುದೂ ಉಂಟು. ಅವಳು ಯಾರನ್ನೂ ತಡೆಯುತ್ತಿರಲಿಲ್ಲ. ತಡೆಯಬೇಕೆಂದರೆ ಸ್ಟೂಲಿನಿಂದ ಏಳಬೇಕಲ್ಲ.

ಅಂಗಡಿ ಅವಳ ಗಂಡನದು. ಸೈಕಲ್ಲಿನ ಬಿಡಿಭಾಗ ಮಾರಿಕೊಂಡು ತೆಪ್ಪಗಿದ್ದವನನ್ನು ಈ ದಾರಿಗೆ ಎಳೆದವನು ಅವನ ತಮ್ಮ. ಗಂಡ ತೀರಿಕೊಂಡಾಗ ಅಂಗಡಿ ಮಾರಿಬಿಡು ಎಂದವರೇ ಹೆಚ್ಚು. ಮಾರಿ ಮುಂದೇನು ಮಾಡುವುದೆಂದು ಯೋಚಿಸುವಷ್ಟು ತ್ರಾಣವೂ ಆಗ ಅವಳಲ್ಲಿ ಉಳಿದಿರಲಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಷಟರ್ ಎತ್ತಿ ಒಳಗೆ ಹೋಗಿ ಕೂತಳು. ಕೂತವಳು ಕೂತೇ ಇದ್ದಳು.

ಬೋರ್ಡಿನ ಮೇಲೆ ಅವಳು ಒಮ್ಮೆಯೂ ಕಾಲಿಟ್ಟವಳಲ್ಲ. ಕಲಿತದ್ದೆಲ್ಲ ಕೈಯಿಂದ. ಕಲ್ಲು ಕಿತ್ತ ರಸ್ತೆಗೆ ದೊಡ್ಡ ಮೆದು ಚಕ್ರ ಬೇಕು, ಇಲ್ಲದಿದ್ದರೆ ಹಲ್ಲು ಉದುರಿದಂತಾಗುತ್ತದೆ. ನುಣುಪು ಸಿಮೆಂಟಿನ ಮೇಲೆ ಗಟ್ಟಿ ಚಕ್ರವೇ ಸರಿ. ಹಲಗೆಯ ಅಡಿಯಲ್ಲಿ ಚಕ್ರಗಳನ್ನು ಹಿಡಿದು ನಿಲ್ಲುವ ಲೋಹದ ಅಚ್ಚು, ಅದಕ್ಕೆ ಟ್ರಕ್ ಎಂದು ಹೆಸರು, ಹಲಗೆಯ ಅಗಲಕ್ಕೆ ಹೊಂದಬೇಕು. ಟ್ರಕ್ಕಿನ ನಡುವೆ ಕೂರುವ ರಬ್ಬರಿನ ಬುಷ್ ನಿಲ್ಲುವವರ ತೂಕಕ್ಕೆ ಹೊಂದಬೇಕು. ಇಷ್ಟನ್ನು ದಿನವೂ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಕೇಳಿಸಿಕೊಂಡವರು ಕಡೆಗೆ ಬಂದು ನಿಲ್ಲುತ್ತಿದ್ದುದು ಹಲಗೆಯ ಅಡಿಯ ಬಣ್ಣದ ಚಿತ್ರದ ಮುಂದೆ.

“ಈ ಹುಲಿ ಇರೋದೇ ಕೊಡಿ.”

“ಹುಲಿ ಕೆಳಗಡೆ ಇರುತ್ತಪ್ಪ. ನೀನು ನಿಲ್ಲೋದು ಮೇಲೆ,” ಎನ್ನುತ್ತ ಅವಳು ಹುಲಿಯನ್ನೇ ಇಳಿಸಿ ಕೊಡುತ್ತಿದ್ದಳು.

ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಅಲ್ಲಿ ಅವಳೂ ಅವಳ ಅತ್ತೆಯೂ ಇದ್ದರು. ಅತ್ತೆಗೆ ಹಳೆಯ ಸಕ್ಕರೆ ಕಾಯಿಲೆ. ಕಣ್ಣು ಮಂಜು, ಪಾದಕ್ಕೆ ಸ್ಪರ್ಶವಿಲ್ಲ. ಆಸ್ಪತ್ರೆಯ ನರ್ಸ್ ಹೇಳಿಕೊಟ್ಟಂತೆ ಬೋರ್ಡಕ್ಕ ದಿನವೂ ಸಂಜೆ ಅತ್ತೆಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿಗಳನ್ನೆಲ್ಲ ಬಿಡಿಸಿ, ಗಾಯವೇನಾದರೂ ಆಗಿದೆಯೋ ಎಂದು ನೋಡಿ ಮುಲಾಮು ಹಚ್ಚುತ್ತಿದ್ದಳು. ಇಡೀ ದಿನ ಚಕ್ರ ಬಿಚ್ಚಿ ಒರೆಸಿದ ಕೈಗಳಿಗೆ ಇದು ಇನ್ನೊಂದು ಪಾಳಿ.

“ನನ್ನನ್ನೂ ಬಿಚ್ಚಿ ಎಣ್ಣೆ ಬಿಡ್ತೀಯೇನೇ?” ಎಂದು ಅತ್ತೆ ಕೇಳುತ್ತಿದ್ದಳು.

“ನಿಮ್ಮ ಬಿಡಿಭಾಗ ಈಗ ಎಲ್ಲೂ ಸಿಗಲ್ಲ ಅತ್ತೆ. ಇರೋದನ್ನೇ ಜೋಪಾನ ಮಾಡ್ಬೇಕು.”

ಅತ್ತೆಯ ಕಿರಿಮಗನಿಗೆ ಎಲ್ಲರೂ ಗಾಳಿ ಎನ್ನುತ್ತಿದ್ದರು. ಹುಡುಗನಾಗಿದ್ದಾಗ ಬೋರ್ಡ್ ಹತ್ತಿ ಬೀದಿಯ ಇಳಿಜಾರಿನಲ್ಲಿ ಹೋಗುತ್ತಿದ್ದ ವೇಗಕ್ಕೆ ಬಿದ್ದ ಹೆಸರು. ‘ಗಾಳಿ ಅಂತ ಕರೆದ್ರು, ಇವನು ಗಾಲಿಯೇ ಆಗ್ಬಿಟ್ಟ’ ಎಂದು ಅವನಮ್ಮ ಹೇಳುತ್ತಿದ್ದಳು. ಈಗ ಅವನ ಕಿವಿಯ ಮೇಲೆ ನರೆ ಮೂಡಿತ್ತು. ಮದುವೆ ಒಂದು ನಡೆದು ಮುರಿದಿತ್ತು. ಪಾರ್ಕಿನಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಹೇಳಿಕೊಟ್ಟು, ಪಾರ್ಕಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ. ಬೋರ್ಡಕ್ಕ ಮದುವೆಯಾಗಿ ಬಂದಾಗ ಶಾಲೆಗೆ ಚಕ್ಕರ್ ಹೊಡೆಯುತ್ತಿದ್ದ ಹುಡುಗ ಅವನು. ಅವಳಿಗೆ ಅರ್ಧ ಮೈದುನ, ಅರ್ಧ ಮಗ.

ಒಂದು ಮಧ್ಯಾಹ್ನ ಗಾಳಿ ತನ್ನ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ನಡೆದು ಬಂದ. ಅದನ್ನು ಕೌಂಟರಿನ ಮೇಲಿಟ್ಟು ಅಲ್ಲಿದ್ದ ಕುರ್ಚಿಗೆ ಕುಸಿದ.

“ಅತ್ತಿಗೆ, ಪಾರ್ಕಲ್ಲಿ ಬೋರ್ಡ್ ಓಡಿಸೋಕೆ ಹೊಸ ಗುಂಡಿ ಕಟ್ಟಿದಾರಲ್ಲ, ಬಾವಿ ಥರ ದುಂಡಗೆ. ಅದನ್ನ ತೆರೆಯೋ ದಿನ ಮೊದಲು ನಾನೇ ಇಳೀಬೇಕಂತೆ.”

“ಯಾರು ಹೇಳಿದ್ದು?”

“ಎಲ್ಲರೂ. ಈ ಊರಲ್ಲಿ ಬೋರ್ಡ್ ಹತ್ತಿದವರಲ್ಲಿ ನಾನೇ ಮೊದಲನೆಯವನಲ್ವಾ.” ಅವನು ಬೆವರು ಒರೆಸಿಕೊಂಡ. “ಇದಕ್ಕೆ ಗಟ್ಟಿ ಚಕ್ರ ಹಾಕಿ. ಬೇರಿಂಗ್ ಹೊಸದು, ಓಡೋ ಅಂಥದ್ದು. ಟ್ರಕ್ ಸಡಿಲವಾಗೇ ಇರ್ಲಿ, ನನಗೆ ಹಾಗೇ ಅಭ್ಯಾಸ.”

ಬಾಟಲಿಯ ನೀರನ್ನು ಗಟಗಟ ಕುಡಿದು ಮುಗಿಸಿ, ಇನ್ನೂ ಇದೆಯಾ ಎಂದು ಕೇಳಿ, ಅವಳು ಕೊಟ್ಟ ಇನ್ನೊಂದನ್ನೂ ಖಾಲಿ ಮಾಡಿ ಹೋದ. ಹೋಗುವಾಗ ಹೊಸ್ತಿಲಿಗೆ ಎಡಗಾಲು ತಗುಲಿತು. ಅವನು ತಿರುಗಿಯೂ ನೋಡಲಿಲ್ಲ.

ಸಂಜೆಗೆ ಮುಂಚೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬೋರ್ಡಕ್ಕ ಅದನ್ನು ಬಿಚ್ಚಲು ಕೂತಳು. ವರ್ಷಗಳಿಂದ ಅವನ ಬೋರ್ಡ್ ಬಿಚ್ಚುತ್ತಿದ್ದವಳಿಗೆ ಅದರ ಸವೆತ ಅವನ ಕೈಬರಹದಷ್ಟೇ ಪರಿಚಿತ. ಈ ಸಲ ಬರಹ ಬೇರೆಯಾಗಿತ್ತು. ಎಡಗಡೆಯ ಎರಡು ಚಕ್ರ ಓರೆಯಾಗಿ ತೆಳುವಾಗಿದ್ದವು. ಬಲಗಡೆಯವು ಹಾಗೇ ಇದ್ದವು. ಬುಷ್ಷೂ ಎಡಕ್ಕೇ ಚಪ್ಪಟೆಯಾಗಿತ್ತು. ಬೋರ್ಡಿನ ಮೇಲೆ ಅವನ ಹಿಮ್ಮಡಿ ಇರುತ್ತಿದ್ದುದು ಆ ಬದಿಗೆ. ಭಾರವನ್ನೆಲ್ಲ ಹಿಮ್ಮಡಿಗೆ ಬಿಟ್ಟು, ಬೆರಳುಗಳ ಮೇಲೆ ಏನನ್ನೂ ಊರದೆ ನಿಲ್ಲುತ್ತಿದ್ದಾನೆ. ಹಲಗೆಯ ಹಿಂದಿನ ತುದಿ ಉಜ್ಜಿ ಉಜ್ಜಿ ಕತ್ತಿಯಂತಾಗಿತ್ತು. ಕಾಲು ನೆಲಕ್ಕೆ ಊರಿ ನಿಲ್ಲಿಸುವುದನ್ನು ಬಿಟ್ಟು ಬಾಲವನ್ನು ನೆಲಕ್ಕೆ ಒತ್ತಿ ನಿಲ್ಲಿಸುತ್ತಿದ್ದಾನೆ.

ಹಲಗೆಯ ಮೇಲೆ ಕಾಲು ಜಾರದಂತೆ ಅಂಟಿಸುವ ಮರಳು ಕಾಗದದಂಥ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದಳು. ಮುಂದಿನ ಕಾಲು, ಅವನಿಗೆ ಅದು ಎಡಗಾಲು, ಇಡುವ ಕಡೆ ಒಂದೇ ಜಾಗ ಸವೆದಿರಬೇಕಿತ್ತು. ಇಲ್ಲಿ ಅತ್ತಿತ್ತ ಎಲ್ಲ ಕಡೆ ಉಜ್ಜಿದ ಗುರುತು, ಕತ್ತಲ ಕೋಣೆಯಲ್ಲಿ ದೀಪದ ಗುಂಡಿಗಾಗಿ ಕೈ ತಡಕಾಡಿದ ಹಾಗೆ. ಅಲ್ಲೇ ಟ್ರಕ್ಕನ್ನು ಬಿಗಿಯುವ ಬೋಲ್ಟೊಂದು ಸಡಿಲಾಗಿ ತಲೆಯೆತ್ತಿತ್ತು. ಯಾವಾಗಲೋ ತಪ್ಪು ಸ್ಕ್ರೂಡ್ರೈವರ್ ಹಾಕಿ ತಿರುವಿದ್ದರಿಂದ ಅದರ ಅಂಚು ಕಿತ್ತು ಚೂಪಾಗಿತ್ತು. ಬೆರಳಾಡಿಸಿದವಳು ಸ್ಸ್ ಎಂದು ಕೈ ಹಿಂದೆ ತೆಗೆದುಕೊಂಡಳು. ಅವನು ಹಾಕುವುದು ತೆಳು ಅಡಿಯ ಶೂ. ಶೂ ಒಳಗೆ ಮರಳಿನ ಕಾಳು ಸೇರಿದರೂ ಕೂತು ಕೊಡವಿಕೊಳ್ಳುತ್ತಿದ್ದವನು ಇದರ ಮೇಲೆ ಎಷ್ಟು ದಿನ ನಿಂತಿದ್ದಾನೋ. ಬೋಲ್ಟಿನ ಸುತ್ತ ಕಪ್ಪು ಹಾಳೆಯ ಮೇಲೆ ಇನ್ನಷ್ಟು ಕಪ್ಪಾದ ಒಂದು ಕಲೆ ಗಟ್ಟಿಯಾಗಿ ಒಣಗಿತ್ತು.

ಅವಳು ಪಾನಾ ಕೆಳಗಿಟ್ಟಳು. ಮೇಲಿನ ಮನೆಯಿಂದ ಅತ್ತೆ ಕೆಮ್ಮುವುದು ಕೇಳುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆ ಪಾದಗಳನ್ನು ತೊಡೆಯ ಮೇಲಿಟ್ಟುಕೊಳ್ಳಬೇಕು. ಇದು ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೊದಲು ಹುಟ್ಟಿದ್ದು ಹೆದರಿಕೆಯೂ ಅಲ್ಲ, ಮರುಕವೂ ಅಲ್ಲ. ‘ಇನ್ನೊಂದಾ’ ಎಂಬ ಬೇಸರ. ಆ ಬೇಸರಕ್ಕೆ ಅವಳಿಗೇ ನಾಚಿಕೆಯಾಯಿತು.

ಮರುದಿನ ಫೋನಿನಲ್ಲಿ ಕೇಳಿದಳು. “ನಿನ್ನ ಎಡಗಾಲಿಗೆ ಏನಾಗಿದೆ?”

“ಏನಿಲ್ಲ. ಆಗಾಗ ಜೋಮು ಹಿಡಿಯುತ್ತೆ. ವಯಸ್ಸಾಯ್ತಲ್ಲ.”

“ಡಾಕ್ಟರಿಗೆ ತೋರ್ಸು.”

“ಗುಂಡಿ ತೆರೆಯೋದು ಮುಗೀಲಿ, ತೋರಿಸ್ತೀನಿ. ಬೋರ್ಡ್ ಆಯ್ತಾ?”

ಆಗುತ್ತಿದೆ ಎಂದಳು. ಆಮೇಲೆ ಅವಳು ಮಾಡಿದ್ದು ಅವಳ ಕೈಗೇ ಒಪ್ಪದ ಕೆಲಸ. ಅವನು ಹೇಳಿದ ಗಟ್ಟಿ ಚಕ್ರಗಳ ಬದಲು ಮೆದುವಾದವನ್ನು ಹಾಕಿದಳು. ಭಾರದ ಆಳಿಗೆ ಹಾಕುವ ಗಡುಸು ಬುಷ್ ಕೂರಿಸಿ, ನಟ್ಟನ್ನು ಮಣಿಕಟ್ಟು ನೋಯುವವರೆಗೆ ಬಿಗಿದಳು. ಬೋಲ್ಟ್ ಬದಲಿಸಿದಳು. ಕಡೆಗೆ ಹೊಸ ಬೇರಿಂಗುಗಳ ಮುಚ್ಚಳ ತೆಗೆದು, ತೆಳು ಎಣ್ಣೆಯ ಎರಡು ಹನಿ ಬೀಳಬೇಕಾದ ಕಡೆ ಲಾರಿಯ ಅಚ್ಚಿಗೆ ಬಳಿಯುವಂಥ ಗ್ರೀಸನ್ನು ಬೆರಳಿನಿಂದ ಮೆತ್ತಿ ತುಂಬಿದಳು. ಅಂಥ ಬೋರ್ಡ್ ಯಾರನ್ನೂ ಎಲ್ಲಿಗೂ ಒಯ್ಯುವುದಿಲ್ಲ.

ಗಾಳಿ ಬಂದು ಅಂಗಡಿಯ ಮುಂದೆ ಹತ್ತಿ ನಿಂತ. ಒಂದು ಸಲ ನೂಕಿದ. ಬೋರ್ಡ್ ಅಷ್ಟು ದೂರ ತೆವಳಿ ನಿಂತಿತು.

“ಅತ್ತಿಗೆ, ಇದು ಬೋರ್ಡಾ, ಕೂತ್ಕೊಳ್ಳೋ ಮಣೆನಾ?”

“ಬುಷ್ ಹೊಸದು. ಪಳಗಬೇಕು.”

“ಬುಷ್ ಬಿಡಿ. ಚಕ್ರನೇ ತಿರುಗ್ತಿಲ್ಲ.” ಅವನು ಒಳಗೆ ಬಂದು, ಬೋರ್ಡನ್ನು ಕೌಂಟರಿನ ಮೇಲೆ ಮಗುಚಿ, ಒಂದು ಚಕ್ರ ಕಳಚಿದ. ಬೇರಿಂಗಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಒಳಗಿದ್ದುದನ್ನು ಎರಡು ಬೆರಳ ನಡುವೆ ಉಜ್ಜಿ ಮೂಸಿದ. “ಗ್ರೀಸ್. ನೀವು ತುಂಬಿದ್ರಾ?”

“ಹೂಂ.”

“ಗೊತ್ತಿದ್ದೂ?”

“ಗೊತ್ತಿದ್ದೇ ತುಂಬಿದ್ದು. ಶೂ ಬಿಚ್ಚು, ಕಾಲು ನೋಡ್ಬೇಕು.”

“ನೀವೇನು ಡಾಕ್ಟರಾ?”

“ದಿನಾ ನಿಮ್ಮಮ್ಮನ ಕಾಲು ನೋಡೋಳು. ಬಿಚ್ಚು.”

ಅವನು ಬಿಚ್ಚಲಿಲ್ಲ. ಮುಖ ಬಿಗಿದುಕೊಂಡಿತು. “ಅಣ್ಣ ಇದ್ದಿದ್ರೆ ನನ್ನ ಬೋರ್ಡಿಗೆ ಹೀಗೆ ಮಾಡ್ತಿರ್ಲಿಲ್ಲ.”

“ನಿಮ್ಮಣ್ಣನೂ ನಿನ್ನ ಹಾಗೇ,” ಎಂದಳು ಅವಳು. ದನಿ ಏರಲಿಲ್ಲ, ಏರಿಸಲು ಅವಳಲ್ಲಿ ಏನೂ ಇರಲಿಲ್ಲ. “ಎದೆ ಹಿಡ್ಕೊಂಡು ಇದೇ ಕುರ್ಚಿ ಮೇಲೆ ಕೂತಿದ್ರು. ಏನಿಲ್ಲ ಕಣೇ, ವಾಯು ಅಂದ್ರು. ನಾನು ನಂಬಿದೆ. ಇನ್ನೊಂದ್ಸಲ ನಂಬೋಕೆ ನನ್ನ ಕೈಲಾಗಲ್ಲ.”

ಗಾಳಿ ಚಕ್ರವನ್ನು ಮತ್ತೆ ಸಿಕ್ಕಿಸಿ, ಕಪಾಟಿನಿಂದ ಸೀಮೆಎಣ್ಣೆಯ ಡಬ್ಬಿ ತೆಗೆದುಕೊಂಡು ಹೋದ. ಕೋಣೆಗೆ ಹೋಗಿ ಬೇರಿಂಗುಗಳನ್ನೆಲ್ಲ ಅದ್ದಿ ತೊಳೆದುಕೊಳ್ಳುತ್ತಾನೆಂದು ಅವಳಿಗೆ ಗೊತ್ತಿತ್ತು. ಆ ಕೆಲಸ ಹೇಗೆಂದು ಅವಳಿಗೆ ಕಲಿಸಿದವನೇ ಅವನು.

ಆಮೇಲೆ ಕೆಲವು ದಿನ ಅವನ ಸುಳಿವಿರಲಿಲ್ಲ. ವಾರದಲ್ಲಿ ಒಂದು ಮಧ್ಯಾಹ್ನ ಅಮ್ಮನ ಜೊತೆ ಊಟಕ್ಕೆ ಬರುತ್ತಿದ್ದವನು ಅದಕ್ಕೂ ಬರಲಿಲ್ಲ. “ಏನಾದ್ರೂ ಮಾತಾಯ್ತೇನೇ?” ಎಂದು ಅತ್ತೆ ಕೇಳಿದಳು. ಇಲ್ಲ, ಅವನಿಗೆ ಕೆಲಸ ಎಂದು ಬೋರ್ಡಕ್ಕ ತಟ್ಟೆ ತೊಳೆದಳು. ಬೇಸರ ಅವಳಿಗೆ ಹೊಸದಲ್ಲ, ಆದರೆ ಈಗ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲುವಂತಾಯಿತು. ಗಿರಾಕಿಯೊಬ್ಬ ಕೇಳಿದ್ದಕ್ಕಿಂತ ಕಿರಿದಾದ ಟ್ರಕ್ ಕೊಟ್ಟು ಬೈಸಿಕೊಂಡಳು. ಕಡೆಗೊಂದು ಬೆಳಿಗ್ಗೆ ಷಟರ್ ಎತ್ತದೆ, ಅತ್ತೆಯನ್ನು ನೋಡಿಕೊಳ್ಳಲು ಪಕ್ಕದ ದರ್ಜಿಯವಳಿಗೆ ಹೇಳಿ, ಪಾರ್ಕಿಗೆ ನಡೆದಳು.

ಬೆಳಗಿನ ತರಗತಿ ನಡೆಯುತ್ತಿತ್ತು. ಅವಳು ಬೇಲಿಯ ಪಕ್ಕದ ಬೆಂಚಿನ ಮೇಲೆ ಕೂತಳು. ಗಾಳಿ ಅವಳನ್ನು ಕಂಡೂ ಕಾಣದಂತೆ ಇದ್ದ. ಬೋರ್ಡನ್ನು ನೂಕಿ ಮುಂದೆ ಹೋದ. ಮಕ್ಕಳು ಒಬ್ಬರ ಹಿಂದೊಬ್ಬರು ಅವನನ್ನು ಹಿಂಬಾಲಿಸಿದರು. ಮೊದಲಿಗೆ ಅವಳಿಗೆ ಏನೋ ಸರಿಯಿಲ್ಲ ಎನ್ನಿಸಿತಷ್ಟೇ. ಮತ್ತೆ ನೋಡಿದಾಗ ತಿಳಿಯಿತು. ಮುಂದಿನ ಕಾಲನ್ನು ಹಲಗೆಯ ಮೇಲೆ ಊರಿ ಹಿಂದಿನ ಕಾಲಿನಿಂದ ನೆಲ ನೂಕಬೇಕು. ಇವನು ಹಿಂದಿನ ಕಾಲ ಮೇಲೆ ನಿಂತು ಮುಂದಿನ ಕಾಲನ್ನು ಬೀಸಿ ನೂಕುತ್ತಿದ್ದ. ಎಡಗಾಲ ಮೇಲೆ ನಿಲ್ಲುವ ನೆಚ್ಚಿಕೆ ಅವನಿಗೆ ಉಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನ ಹಿಂದಿದ್ದ ಮಕ್ಕಳೂ ಅದನ್ನೇ ಮಾಡುತ್ತಿದ್ದರು. ಸಾಲಿಗೆ ಸಾಲೇ ತಪ್ಪು ಕಾಲಿನಿಂದ ನೂಕಿಕೊಂಡು, ಓಲಾಡಿಕೊಂಡು, ಹಲಗೆಯ ಬಾಲ ಕೆರೆದು ನಿಲ್ಲಿಸುತ್ತಿತ್ತು. ಕುಂಟುವ ತಾಯಿಯ ಹಿಂದೆ ಬಾತುಕೋಳಿ ಮರಿಗಳೂ ಕುಂಟಿದ ಹಾಗೆ. ನಗು ಬರಬೇಕಿತ್ತು. ಅವಳ ಕಣ್ಣು ತುಂಬಿತು.

ನೀರು ಕುಡಿಯಲು ಮಕ್ಕಳನ್ನು ಬಿಟ್ಟಾಗ ಅವನು ಬೇಲಿಯ ಹತ್ತಿರ ಬಂದ.

“ಅಂಗಡಿ ಯಾಕೆ ತೆಗೆದಿಲ್ಲ?”

“ಮಕ್ಕಳು ನೂಕೋದನ್ನ ಇಲ್ಲಿ ಕೂತು ನೋಡು,” ಎಂದಳು.

“ನಾನು ದಿನಾ ನೋಡ್ತೀನಿ.”

“ಮುಂದೆ ನಿಂತು ನೋಡಿಲ್ಲ. ಯಾವಾಗ್ಲೂ ನಿನ್ನ ಹಿಂದೆ ಇರ್ತಾರೆ. ಕೂತ್ಕೋ.”

ಅವನು ಕೂತ. ಗುಂಗುರು ಕೂದಲ ಹುಡುಗಿಯೊಬ್ಬಳು, ಅವನ ಶಿಷ್ಯರಲ್ಲಿ ಎಲ್ಲರಿಗಿಂತ ಚುರುಕಾದವಳು, ಎಲ್ಲರೂ ಗುಂಗುರು ಎಂದೇ ಕರೆಯುವವಳು, ಮಿಕ್ಕವರನ್ನು ಕರೆದುಕೊಂಡು ಒಂದು ಸುತ್ತು ಹೊರಟಳು. ಗಾಳಿ ನೋಡಿದ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಯಿತು.

“ಗುಂಗುರು ಹೀಗೆ ನೂಕ್ತಿರ್ಲಿಲ್ಲ,” ಎಂದ. “ಅವಳು ಚೆನ್ನಾಗಿ ನೂಕ್ತಿದ್ಲು ಅತ್ತಿಗೆ. ನಾನೇ ಹೇಳಿಕೊಟ್ಟಿದ್ದೆ.”

“ಈಗಲೂ ನೀನೇ ಹೇಳಿಕೊಟ್ಟಿರೋದು.”

ಅವನು ಬಗ್ಗಿ ಎಡಗಾಲಿನ ಶೂ ಬಿಚ್ಚಿದ. ಕಾಲುಚೀಲ ಬರಲಿಲ್ಲ; ಪಾದಕ್ಕೆ ಅಂಟಿತ್ತು. ಅವನು ಅದನ್ನು ಎಳೆಯಹೋದಾಗ ಅವಳು ಅವನ ಕೈ ಹಿಡಿದಳು.

“ಎಳೀಬೇಡ. ಆಸ್ಪತ್ರೆಗೆ ಹೋಗೋಣ.”

“ನೋವೇ ಇಲ್ಲ ಅತ್ತಿಗೆ.”

“ಅದೇ ಕಣೋ ತೊಂದರೆ.”

ಕಿರುಬೆರಳ ಬುಡದಲ್ಲಿ ಆಗಿದ್ದ ಗಾಯ ಮೂಳೆಯನ್ನು ಮುಟ್ಟಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದು ಡಾಕ್ಟರಮ್ಮ ಹೇಳಿದಳು. ಸಕ್ಕರೆ ಎಷ್ಟಿತ್ತೆಂದರೆ, ಪರೀಕ್ಷೆ ಮಾಡಿದ ಹುಡುಗ ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ತಂದ. ಕಿರುಬೆರಳನ್ನು ತೆಗೆದರು. ಗಾಳಿ ಅಳಲಿಲ್ಲ. ಬ್ಯಾಂಡೇಜಿನ ಕಾಲನ್ನು, ಯಾರೋ ಮರೆತು ಬಿಟ್ಟುಹೋದ ಸಾಮಾನನ್ನು ನೋಡುವಂತೆ ನೋಡಿದ.

ಬಾಡಿಗೆ ಕೋಣೆ ಖಾಲಿ ಮಾಡಿಸಿ ಅವನನ್ನು ಅಂಗಡಿಯ ಮೇಲಿನ ಮನೆಗೆ ಕರೆತಂದರು. ಅತ್ತೆ ತಡಕಾಡುತ್ತ ಬಂದು ಮಗನ ಮುಖ ಸವರಿದಳು.

“ನನ್ನ ಕಾಯಿಲೆನ ನಿನಗೆ ಕೊಟ್ಟುಬಿಟ್ಟೆನಲ್ಲೋ.”

“ಅಣ್ಣನಿಗೆ ಅಂಗಡಿ ಕೊಟ್ಟೆ. ನನಗೂ ಏನಾದ್ರೂ ಬೇಕಲ್ಲಮ್ಮ,” ಎಂದ ಅವನು. ಮುದುಕಿ ಅತ್ತುಕೊಂಡೇ ನಕ್ಕಳು.

ಅಲ್ಲಿಂದ ಮುಂದೆ ಬೋರ್ಡಕ್ಕನ ತೊಡೆಯ ಮೇಲೆ ಸಂಜೆ ಇಬ್ಬರ ಪಾದಗಳು. ಗಾಳಿ ಒಳ್ಳೆಯ ರೋಗಿಯಲ್ಲ. ಸಿಹಿ ಕದ್ದು ತಿನ್ನುತ್ತಿದ್ದ, ಊರುಗೋಲನ್ನು ಬೇಕೆಂದೇ ಮರೆಯುತ್ತಿದ್ದ, ಸಣ್ಣಪುಟ್ಟದ್ದಕ್ಕೆಲ್ಲ ಸಿಡುಕುತ್ತಿದ್ದ. ಮೂವರ ಅಡುಗೆ, ಇಬ್ಬರ ಮಾತ್ರೆ, ಕೆಳಗೆ ಅಂಗಡಿ. ಕೆಲವು ಸಲ ಅವಳು ಮೆಟ್ಟಿಲ ಮೇಲೆ, ಮೇಲಿನವರಿಗೂ ಕೆಳಗಿನವರಿಗೂ ಕಾಣದ ತಿರುವಿನಲ್ಲಿ, ಏನೂ ಮಾಡದೆ ಸ್ವಲ್ಪ ಹೊತ್ತು ಕೂತಿರುತ್ತಿದ್ದಳು.

ಗುಂಡಿ ತೆರೆಯುವ ದಿನ ಹತ್ತಿರ ಬಂದಾಗ ಗುಂಗುರು ತನ್ನ ಬೋರ್ಡ್ ಹಿಡಿದು ಅಂಗಡಿಗೆ ಬಂದಳು. ಮೊದಲು ಇಳಿಯಲು ಅವಳನ್ನು ಕೇಳಿದ್ದರು. ಹೇಳುವಾಗ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದ್ದಳು.

ಗಾಳಿ ಕೌಂಟರಿನ ಹಿಂದೆ ಕಾಲನ್ನು ಪೆಟ್ಟಿಗೆಯ ಮೇಲೆ ಚಾಚಿ ಕೂತಿದ್ದ. ಅವಳ ಬೋರ್ಡನ್ನು ಈಸಿಕೊಂಡು, ಕಿವಿಯ ಹತ್ತಿರ ಹಿಡಿದು ಒಂದೊಂದೇ ಚಕ್ರ ತಿರುಗಿಸಿದ.

“ಇದು ಗರಗರ ಅಂತಿದೆ. ನೀರಲ್ಲಿ ಓಡಿಸಿದ್ಯಾ?”

“ಒಂದ್ಸಲ, ಸರ್.”

“ಒದ್ದೆ ಆದ್ರೆ ಅವತ್ತೇ ಬಿಚ್ಚಿ ಒರೆಸ್ಬೇಕು. ಬಿಟ್ಟರೆ ಒಳಗೇ ತುಕ್ಕು ಹಿಡಿಯುತ್ತೆ, ಮೇಲೆ ಏನೂ ಕಾಣಲ್ಲ.” ಹೇಳಿ ಮುಗಿಸಿದ ಮೇಲೆ ಅವನು ಅತ್ತಿಗೆಯ ಕಡೆ ನೋಡಲಿಲ್ಲ. “ಅತ್ತಿಗೆ, ಇವಳಿಗೆ ಹೊಸ ಬೇರಿಂಗ್ ಹಾಕಿ. ಚಕ್ರ ಗಟ್ಟಿಯದು, ಸ್ವಲ್ಪ ದೊಡ್ಡದು.”

“ದೊಡ್ಡದು ಹಾಕಿದ್ರೆ ತಿರುಗುವಾಗ ಹಲಗೆಗೆ ತಾಗುತ್ತೆ.”

“ಹಲಗೆಗೂ ಟ್ರಕ್ಕಿಗೂ ನಡುವೆ ರಬ್ಬರ್ ಬಿಲ್ಲೆ ಕೊಡಿ, ತಾಗಲ್ಲ.”

“ಟ್ರಕ್ ಸಡಿಲ ಬಿಡ್ಲಾ, ನಿನ್ನ ಹಾಗೆ?”

ಗಾಳಿ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಬೇಡ. ನಾನು ಸಡಿಲ ಬಿಡ್ತಿದ್ದಿದ್ದು ಜಂಬಕ್ಕೆ. ಇವಳಿಗೆ ಅರ್ಧ ಸುತ್ತು ಬಿಗೀರಿ. ಗುಂಗುರು, ಇಲ್ಲಿ ಬಾ. ಹಿಂದಿನ ಕಾಲಿಂದ ನೂಕಿ ತೋರ್ಸು ನೋಡೋಣ.”

ಅವಳು ಬಾಗಿಲ ಮುಂದೆ ಅಂಗಡಿಯ ಬೇರೊಂದು ಬೋರ್ಡ್ ಹತ್ತಿ ನೂಕಿದಳು. ಮತ್ತೆ ಮುಂದಿನ ಕಾಲೇ ಎದ್ದಿತು. ಇನ್ನೊಂದು ಸಲ ಎಂದ ಅವನು. ಇನ್ನೊಂದು ಸಲ. ಬೋರ್ಡಕ್ಕ ಚಕ್ರದ ನಟ್ಟುಗಳನ್ನು ಬಿಗಿದು, ಒಂದಿಷ್ಟು ಹಿಂದೆ ಬಿಟ್ಟು, ಅಲುಗಾಡಿಸಿ ನೋಡುತ್ತಿದ್ದಳು. ಬೀದಿಯಲ್ಲಿ ನೆರಳು ಉದ್ದವಾಗುವವರೆಗೂ ಅವನ ‘ಇನ್ನೊಂದು ಸಲ’ ಕೇಳುತ್ತಲೇ ಇತ್ತು.

ಗುಂಡಿ ತೆರೆದ ದಿನ ಗಾಳಿ ಪಾರ್ಕಿಗೆ ಹೋಗಲಿಲ್ಲ. ಕಾಲು ನೋಯುತ್ತಿದೆ ಎಂದ. ಆ ಕಾಲಿಗೆ ನೋವು ತಿಳಿಯುವುದಿಲ್ಲವೆಂದು ಮನೆಯ ಮೂವರಿಗೂ ಗೊತ್ತಿತ್ತು. ಗುಂಗುರು ಚೆನ್ನಾಗಿ ಇಳಿದಳೆಂದು ಸಂಜೆ ದರ್ಜಿಯವಳು ಹೇಳಿದಳು. ಮೊದಲ ಸಲ ಬಿದ್ದಳಂತೆ, ಎರಡನೆಯ ಸಲಕ್ಕೆ ಆ ಕಡೆಯ ಅಂಚಿಗೆ ಹತ್ತಿದಳಂತೆ. ಗಾಳಿ ಗೋಡೆಯ ಕಡೆ ತಿರುಗಿ ಮಲಗಿಯೇ ಕೇಳಿದ. “ಬಿದ್ದಿದ್ದು ಯಾವ ಕಡೆಗೆ?” ದರ್ಜಿಯವಳಿಗೆ ಅದು ಗೊತ್ತಿರಲಿಲ್ಲ.

ಗಾಯ ಮಾಗಿದ ಮೇಲೆ ಅವನು ಅಂಗಡಿಯಲ್ಲಿ ಕೂರತೊಡಗಿದ. ಪಾರ್ಕಿನ ಕೆಲಸಕ್ಕೆ ಹಿಂದಿರುಗುವ ಮಾತನ್ನು ಅವನಾಗಿ ಎತ್ತಲಿಲ್ಲ, ಬೋರ್ಡಕ್ಕನೂ ಕೆದಕಲಿಲ್ಲ. ಅವನ ಬೋರ್ಡ್ ಗೋಡೆಗೆ ಒರಗಿತ್ತು. ಒಂದು ದಿನ ಯಾರೋ ಬೆಲೆ ಕೇಳಿದಾಗ, ಅದು ಮಾರೋದಲ್ಲ ಎಂದನಷ್ಟೇ. ಗಿರಾಕಿಗಳ ಜೊತೆ ಅವನಿಗೆ ತಾಳ್ಮೆ ಕಡಿಮೆ. ಚಿತ್ರ ನೋಡಿ ಆರಿಸುವವರನ್ನು ಗದರಿ ಕಳಿಸುತ್ತಿದ್ದ, ಕೆಲವರು ಮತ್ತೆ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬೋರ್ಡಕ್ಕನಿಗೆ ಏಳಲಾಗಲಿಲ್ಲ. ಜ್ವರವಿಲ್ಲ, ನೋವಿಲ್ಲ, ಸುಮ್ಮನೆ ಮೈ ಏಳಲು ಒಪ್ಪಲಿಲ್ಲ. ಷಟರ್ ಎತ್ತುವ ಸದ್ದು ಕೆಳಗಿನಿಂದ ಕೇಳಿತು. ತಾನು ಎತ್ತದೆಯೂ ಅದು ಏಳುವುದನ್ನು ಗಂಡ ಹೋದ ಮೇಲೆ ಅವಳು ಕೇಳಿದ್ದು ಅದೇ ಮೊದಲು. ಅತ್ತೆ ಗೋಡೆ ಹಿಡಿದುಕೊಂಡು ಬಂದು ಅವಳ ಹಣೆ ಮುಟ್ಟಿ, “ಮಲಕ್ಕೋ, ನನ್ನ ಕಾಲು ಇವತ್ತು ಎಲ್ಲಿಗೂ ಓಡಿಹೋಗಲ್ಲ,” ಎಂದಳು.

ಅವಳು ಮಲಗಿದಳು. ಮಧ್ಯಾಹ್ನ ದಾಟಿದ ಮೇಲೆ ಗಾಳಿ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ.

“ಅತ್ತಿಗೆ, ಎಚ್ಚರ ಇದೆಯಾ? ಒಬ್ಬರಿಗೆ ಟ್ರಕ್ ಕೊಟ್ಟೆ. ಆಮೇಲೆ ನೋಡಿದ್ರೆ ಒಂದು ಅಗಲ, ಇನ್ನೊಂದು ಕಿರಿದು. ಜೋಡಿ ತಪ್ಪಿದೆ. ಅವರು ಆಗಲೇ ಹೋಗ್ಬಿಟ್ರು.”

“ನಾಳೆ ಬೈಯೋಕೆ ಬರ್ತಾರೆ ಬಿಡು.”

“ಬಂದ್ರೆ ಏನು ಹೇಳ್ಲಿ?”

ಅವಳು ಹೊದಿಕೆಯನ್ನು ಭುಜದ ಮೇಲೆ ಎಳೆದುಕೊಂಡು ಆ ಕಡೆ ಹೊರಳಿದಳು.